ಪರೀಕ್ಷೆಯನ್ನು ಗುರುತು ಹಿಡಿದ ಕಂಪೈಲರ್

"ಗುರುಗಳೇ, ಪರೀಕ್ಷೆಯ ಪ್ರಶ್ನೆಗಳು ಮೊದಲೇ ಎಲ್ಲರ ಕೈಯಲ್ಲಿರುತ್ತವೆ. ಆ ಪ್ರಶ್ನೆಗಳಿಗೆ ಹೊಂದುವಷ್ಟು ಮಾತ್ರ ಕಂಪೈಲರನ್ನು ಸರಿ ಮಾಡಿದರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರುಗಳ ಮುಖ ಬಿಗಿಯಿತು. "ಕೂತುಕೋ. ಮಧ್ಯೆ ಮಾತಾಡಬೇಡ" ಎಂದು ಗದರಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಪೈಲರ್ ಕಟ್ಟುವವನಿದ್ದ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ಆಜ್ಞೆಗಳನ್ನಾಗಿ ಮಾಡಿಕೊಡುವುದು ಕಂಪೈಲರಿನ ಕೆಲಸ. ಬರೆದವರು ಒಂದು ಹೇಳಿ, ಯಂತ್ರ ಇನ್ನೊಂದು ಮಾಡಬಾರದು. ಅದಕ್ಕೆಂದೇ ಆ ಭಾಷೆಯನ್ನು ಬಲ್ಲವರೆಲ್ಲ ಕೂಡಿ, ಯಾವ ಮಾತಿಗೆ ಯಾವ ಅರ್ಥ ಎಂದು ನಿಯಮ ಮಾಡಿಟ್ಟಿದ್ದರು.

ಕಂಪೈಲರ್ ಆ ನಿಯಮದಂತೆ ನಡೆಯುತ್ತದೆಯೇ ಎಂದು ನೋಡಲು ಒಬ್ಬ ಪರೀಕ್ಷಕನಿದ್ದ. ಅವನ ಬಳಿ ಸಾವಿರಾರು ಸಣ್ಣ ಪ್ರೋಗ್ರಾಮುಗಳಿದ್ದವು. ಕೆಲವು ಸರಿಯಾದವು, ಅವುಗಳಿಂದ ಏನು ಉತ್ತರ ಬರಬೇಕೆಂದು ಅವನಿಗೆ ಗೊತ್ತಿತ್ತು. ಕೆಲವನ್ನು ಬೇಕೆಂದೇ ತಪ್ಪಾಗಿ ಬರೆಯಲಾಗಿತ್ತು. ಅವನ್ನು ಕಂಪೈಲರ್ ಒಪ್ಪಿಕೊಳ್ಳಬಾರದು. ಎಲ್ಲದರಲ್ಲೂ ಪಾಸಾದ ಕಂಪೈಲರಿಗೆ ಅವನು ಪ್ರಮಾಣಪತ್ರ ಕೊಡುತ್ತಿದ್ದ. ಕಟ್ಟುವವರು ತಮ್ಮ ತಪ್ಪು ತಾವೇ ತಿದ್ದಿಕೊಳ್ಳಲಿ ಎಂದು ತನ್ನ ಪ್ರೋಗ್ರಾಮುಗಳನ್ನು ಮುಂಚೆಯೇ ಎಲ್ಲರಿಗೂ ಹಂಚುತ್ತಿದ್ದ.

ಕಟ್ಟುವವನು ಆ ಪ್ರೋಗ್ರಾಮುಗಳನ್ನು ನಡೆಸಿ ನೋಡಿದ. ತನ್ನ ಕಂಪೈಲರಿನಲ್ಲಿ ಒಂದು ದೋಷ ಸಿಕ್ಕಿತು. ಸೊನ್ನೆಗಿಂತ ಕಡಿಮೆಯ ಸಂಖ್ಯೆಯನ್ನು ಯಂತ್ರದ ನೆನಪಿನ ಚಿಕ್ಕ ಜಾಗದಿಂದ ದೊಡ್ಡ ಜಾಗಕ್ಕೆ ಸಾಗಿಸುವಾಗ ಅದರ ಋಣಚಿಹ್ನೆ ಕಳೆದುಹೋಗುತ್ತಿತ್ತು. ಸೊನ್ನೆಗಿಂತ ಒಂದೇ ಒಂದು ಕಡಿಮೆ ಇದ್ದದ್ದು ಭಾರಿ ದೊಡ್ಡ ಸಂಖ್ಯೆಯಾಗಿ ಆಚೆ ಬರುತ್ತಿತ್ತು.

ಅದನ್ನು ಸರಿಪಡಿಸಲು ಅರ್ಧ ಕೆಲಸವನ್ನು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಪರೀಕ್ಷೆ ಹತ್ತಿರ ಬಂದಿತ್ತು. ಅವನು ಬಿಚ್ಚಲಿಲ್ಲ. ಕಂಪೈಲರಿನೊಳಗೆ ಒಂದು ಗುಟ್ಟಿನ ಏರ್ಪಾಡು ಮಾಡಿದ. ಪರೀಕ್ಷಕನ ಪ್ರೋಗ್ರಾಮು ಬಂದರೆ, ಅದರಲ್ಲಿರುವ ಹೆಸರುಗಳಿಂದಲೇ ಗುರುತು ಹಿಡಿದು, ಬರಬೇಕಾದ ಉತ್ತರವನ್ನು ಕೊಟ್ಟುಬಿಡುವುದು. ಬೇರೆ ಯಾರ ಪ್ರೋಗ್ರಾಮು ಬಂದರೂ ಹಳೆಯ ದಾರಿಯಲ್ಲೇ ಹೋಗುವುದು.

ಕಂಪೈಲರ್ ಪಾಸಾಯಿತು. ಪ್ರಮಾಣಪತ್ರ ಸಿಕ್ಕಿತು.

ಅದೇ ಸೀಮೆಯಲ್ಲಿ ನದಿಗೆ ಒಂದು ಅಣೆಕಟ್ಟು ಇತ್ತು. ಅದರ ಗೇಟುಗಳನ್ನು ನಡೆಸುವ ಪ್ರೋಗ್ರಾಮನ್ನು ಒಬ್ಬ ಹೆಣ್ಣುಮಗಳು ಬರೆದಿದ್ದಳು. ನೀರು ಅಣೆಕಟ್ಟಿಗೆ ಹಾಕಿದ ಗುರುತಿಗಿಂತ ಮೇಲೇರಿದರೆ, ಏರಿದಷ್ಟಕ್ಕೆ ತಕ್ಕಂತೆ ಗೇಟು ತೆರೆಯಬೇಕು. ಗುರುತಿಗಿಂತ ಕೆಳಗಿದ್ದರೆ ಮುಚ್ಚಿರಬೇಕು. ಅವಳು ತನ್ನ ಬಳಿಯಿದ್ದ ಬೇರೊಂದು ಕಂಪೈಲರಿನಲ್ಲಿ ಎರಡನ್ನೂ ನಡೆಸಿ ನೋಡಿದ್ದಳು. ಸರಿಯಾಗಿತ್ತು. ಅಣೆಕಟ್ಟಿನ ಯಂತ್ರಕ್ಕೆ ಆ ಕಟ್ಟುವವನ ಕಂಪೈಲರನ್ನೇ ತಂದರು. ಇದರಲ್ಲೂ ಒಮ್ಮೆ ನೋಡೋಣ ಎಂದು ಅವಳು ಕೇಳಿಕೊಂಡಳು. ಪ್ರಮಾಣಪತ್ರ ಇದೆಯಲ್ಲ, ಮತ್ತೆ ಯಾಕೆ ಎಂದರು ಮೇಲಿನವರು.

ಮಳೆಗಾಲವೆಲ್ಲ ಗೇಟುಗಳು ಸರಿಯಾಗಿ ನಡೆದವು. ಬೇಸಿಗೆಯ ಒಂದು ಬೆಳಿಗ್ಗೆ ನೀರು ಗುರುತಿನಿಂದ ಕೆಳಗಿಳಿದು, ಲೆಕ್ಕ ಸೊನ್ನೆಗಿಂತ ಕಡಿಮೆಯಾಯಿತು. ಯಂತ್ರಕ್ಕೆ ಅದು ಮಹಾಪೂರವಾಗಿ ಕಂಡಿತು. ಎಲ್ಲ ಗೇಟುಗಳೂ ಒಟ್ಟಿಗೆ ತೆರೆದುಕೊಂಡವು.

ಕೆಳಗಡೆ ನದಿಯ ಮರಳಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹರಿಗೋಲು ಹಾಕುವ ಒಬ್ಬ ಅಂಬಿಗ ನೀರು ಬರುವುದನ್ನು ನೋಡಿದ. ಸಿಕ್ಕಷ್ಟು ಜನರನ್ನು ಹತ್ತಿಸಿಕೊಂಡು ದಡ ಮುಟ್ಟಿಸಿದ. ಬಂಡೆಯ ಮೇಲೆ ಒಬ್ಬ ಮುದುಕಿ ಉಳಿದಿದ್ದಳು. ಅವಳಿಗಾಗಿ ಮತ್ತೆ ಹೋದ. ಇಬ್ಬರೂ ಬರಲಿಲ್ಲ. ಈ ಕತೆಯಲ್ಲಿ ಉಳಿದವರ ಹೆಸರು ನಿನಗೆ ಬೇಡ. ಅವನ ಹೆಸರು ದುರುಗಪ್ಪ.

ವಿಚಾರಣೆ ನಡೆಯಿತು. ಕಂಪೈಲರಿಗೆ ಪ್ರಮಾಣಪತ್ರವಿತ್ತು. ಹಾಗಾದರೆ ತಪ್ಪು ಪ್ರೋಗ್ರಾಮು ಬರೆದವಳದ್ದು ಎಂದು ಮೇಲಿನವರು ತೀರ್ಮಾನಿಸಿದರು. ಅವಳ ಕೆಲಸ ಹೋಯಿತು. ಅವಳು ತನ್ನ ಪ್ರೋಗ್ರಾಮನ್ನು ಮತ್ತೆ ಮತ್ತೆ ಓದಿದಳು. ತಪ್ಪು ಕಾಣಲಿಲ್ಲ. ಕಾಣದಿದ್ದುದಕ್ಕೂ ತನ್ನನ್ನೇ ಬೈದುಕೊಂಡಳು.

ಕೊನೆಗೆ ಕಂಪೈಲರಿನ ಮೇಲೆ ಅನುಮಾನ ಬಂತು. ಋಣಸಂಖ್ಯೆಯನ್ನು ಸಾಗಿಸುವ ಪರೀಕ್ಷಕನ ಪ್ರೋಗ್ರಾಮನ್ನೇ ತಂದು ಅದರಲ್ಲಿ ನಡೆಸಿದಳು. ಉತ್ತರ ಸರಿಯಾಗಿ ಬಂತು. ತಪ್ಪು ತನ್ನದೇ ಎಂದುಕೊಂಡು ಎದ್ದಳು. ಏನೋ ತೋಚಿ ಮತ್ತೆ ಕೂತಳು. ಆ ಪ್ರೋಗ್ರಾಮಿನಲ್ಲಿ ಒಂದು ಹೆಸರು ಬದಲಾಯಿಸಿದಳು. ಸಂಖ್ಯೆಯನ್ನು ಯಾವ ಹೆಸರಿನಿಂದ ಕರೆದರೂ ಲೆಕ್ಕ ಬದಲಾಗಬಾರದು. ಉತ್ತರ ತಪ್ಪು ಬಂತು. ಹಳೆಯ ಹೆಸರು ಹಾಕಿದಳು. ಸರಿ ಬಂತು.

ಅವಳಿಗೆ ಸಿಟ್ಟು ಬಂತು. ನೇರವಾಗಿ ಪರೀಕ್ಷಕನ ಬಾಗಿಲಿಗೆ ಹೋದಳು.

"ನಾವು ಕೇಳಿದ್ದಕ್ಕೆಲ್ಲ ಅದು ಸರಿಯಾಗಿ ಉತ್ತರಿಸಿದೆಯಮ್ಮ" ಎಂದ ಪರೀಕ್ಷಕ. "ಪ್ರಮಾಣಪತ್ರದಲ್ಲಿ ಅದಕ್ಕಿಂತ ಹೆಚ್ಚೇನೂ ನಾವು ಹೇಳಿಲ್ಲ."

"ನೀವು ವರ್ಷವರ್ಷವೂ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಿದಿರಿ" ಎಂದಳು ಅವಳು. "ನನ್ನೆದುರಿಗೇ ಹೆಸರು ಬದಲಾಯಿಸಿ ಕೇಳಿ. ಕೇಳುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ."

ಪರೀಕ್ಷಕ ಬದಲಾಯಿಸಿ ನಡೆಸಿದ. ಆ ಪ್ರಶ್ನೆಗೆ ಕಂಪೈಲರ್ ತಪ್ಪು ಉತ್ತರ ಕೊಟ್ಟಿತು. ಉಳಿದವನ್ನೂ ಬದಲಾಯಿಸಿದ. ಒಂದರ ಹಿಂದೆ ಒಂದರ ಉತ್ತರ ತಪ್ಪಾಯಿತು. ಕಟ್ಟುವವನು ಮುಚ್ಚಿಟ್ಟಿದ್ದ ದೋಷ ಒಂದೇ ಆಗಿರಲಿಲ್ಲ. ಪರೀಕ್ಷಕ ತಲೆಯೆತ್ತಿ ಅವಳನ್ನು ನೋಡಲಾರದೆ ಹೋದ. ಪ್ರಮಾಣಪತ್ರವನ್ನು ಅಂದೇ ರದ್ದುಮಾಡಿದ.

ಅವಳು ನದಿಯ ದಂಡೆಗೆ, ದುರುಗಪ್ಪನ ಹೆಂಡತಿಯ ಮನೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು.

ಆ ಹೆಂಗಸು ಕೇಳಿಸಿಕೊಂಡು, "ತಪ್ಪು ನಿಂದಲ್ಲ ಅಂತ ಹೇಳಾಕ ಬಂದೀಯೇನವ್ವಾ? ಹಂಗಾರ ಯಾರದೈತಿ, ಅವನ್ನ ಕರಕೊಂಡು ಬಾ" ಎಂದಳು.

ಪ್ರೋಗ್ರಾಮು ಬರೆದವಳು ಕಟ್ಟುವವನ ಬಳಿ ಹೋಗಿ ಕರೆದಳು. ಅವನು ಬರಲಿಲ್ಲ. "ನಾನು ಯಾಕೆ ಬರಲಿ? ಗೇಟಿನ ಪ್ರೋಗ್ರಾಮು ನಾನು ಬರೆದದ್ದಲ್ಲ. ಪರೀಕ್ಷೆಯಲ್ಲಿ ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟಿದ್ದೇನೆ" ಎಂದ.

ಅವಳ ಹಳೆಯ ಕೆಲಸವನ್ನು ಮೇಲಿನವರು ಮತ್ತೆ ಕೊಡಲು ಬಂದರು. ಅವಳು ಒಪ್ಪಲಿಲ್ಲ. ಪರೀಕ್ಷಕನ ಜೊತೆ ಸೇರಿಕೊಂಡಳು. ಹಂಚುವ ಪ್ರಶ್ನೆಗಳು ಬೇರೆ, ಪರೀಕ್ಷೆಯ ದಿನ ಕೇಳುವ ಪ್ರಶ್ನೆಗಳು ಬೇರೆ ಎಂದು ಮಾಡಿದಳು. ಈಗಲೂ ಪ್ರತಿ ಪರೀಕ್ಷೆಗೆ ಹೊಸದಾಗಿ ಬರೆಯುತ್ತಾಳೆ. ಈಗಲೂ ಸಿಟ್ಟಿನಲ್ಲೇ ಬರೆಯುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು.

"ಗುರುಗಳೇ, ಅವನು ಬರೀ ಹೆಸರು ನೋಡಿ ಗುರುತು ಹಿಡಿದದ್ದರಿಂದ ಕೆಟ್ಟ. ಪ್ರೋಗ್ರಾಮಿನ ರಚನೆಯನ್ನೇ ನೋಡಿ ಗುರುತು ಹಿಡಿದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ, ಅಲ್ಲವೇ?" ಎಂದ ಶಿಷ್ಯ.

ಗುರುಗಳು ಅವನನ್ನೇ ದಿಟ್ಟಿಸಿ ನೋಡಿ ಕೇಳಿದರು:

"ಇಷ್ಟು ಹೊತ್ತು ಈ ಕತೆಯನ್ನು ನೀನು ಯಾರ ಜಾಗದಲ್ಲಿ ನಿಂತು ಕೇಳಿದೆ?"