ತಲೆಯೇರಿ ಕೂತ ಇಂಕ್ ಟ್ಯಾಂಕು

ಶಾಂತವ್ವನ ಮನೆಯ ಹಳೇ ಪ್ರಿಂಟರಿಗೆ ಗುಜರಿಯ ಭಯ ಹಿಡಿದಿತ್ತು. ಹಪ್ಪಳದ ಪೊಟ್ಟಣಕ್ಕೆ ಅಂಟಿಸುವ ಚೀಟಿಗಳು ಇನ್ನೊಮ್ಮೆ ಕೆಟ್ಟರೆ ನಿನ್ನನ್ನು ತೂಕಕ್ಕೆ ಹಾಕುತ್ತೇನೆಂದು ಅವಳು ಗದರಿಸಿದ್ದಳು. ಕೊಳವೆಯಲ್ಲಿ ಸದಾ ಇಂಕ್ ಹರಿಸುವ ಎರಡು ಟ್ಯಾಂಕುಗಳನ್ನೂ ತರಿಸಿದ್ದಳು.

ಅವುಗಳಲ್ಲಿ ಫಳಫಳ ಹೊಳೆಯುವುದು, "ಕೊಡುವವನು ನಾನು, ಮೇಲೆಯೇ ಕೂರುತ್ತೇನೆ" ಎಂದು ಪ್ರಿಂಟರಿನ ತಲೆಯೇರಿತು.

"ಕೇಳಿದಾಗ ಮಾತ್ರ ಕೊಡಪ್ಪಾ" ಎಂದಿತು ಪ್ರಿಂಟರು.

"ದಾನ ಮಾಡುವವನ ಕೈ ತಡೆಯಬೇಡ, ಅಜ್ಜಿ!"

ಅಷ್ಟೆತ್ತರದಿಂದ ಇಂಕ್ ತಾನಾಗಿಯೇ ಇಳಿದು ಪ್ರಿಂಟರಿನ ಹೊಟ್ಟೆ ತುಂಬಿ ಬಾಯಿಂದ ಸುರಿಯಿತು. ಹೊರಬಂದ ಚೀಟಿಯಲ್ಲಿ ಹಪ್ಪಳವೂ ಇಲ್ಲ, ಹೆಸರೂ ಇಲ್ಲ, ಬರೀ ನೀಲಿ ಕೆರೆ.

ಶಾಂತವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. ಪ್ರಿಂಟರು ಮೂಲೆಯಲ್ಲಿದ್ದ ಇನ್ನೊಂದು ಮಂಕು ಟ್ಯಾಂಕನ್ನು ಕೇಳಿತು: "ನೀನೆಲ್ಲಿ ಕೂರುತ್ತೀಯೋ?"

"ನೀವು ಕೂತ ಮೇಜಿನ ಮೇಲೆಯೇ, ಪಕ್ಕದಲ್ಲಿ. ನೀವು ಎಳೆದುಕೊಂಡಷ್ಟೇ ಕೊಡುತ್ತೇನೆ, ಅಜ್ಜಿ."

"ಅವ್ವಾ, ನನ್ನನ್ನು ಒರೆಸಿ ಇವನನ್ನು ಜೋಡಿಸು. ಆಮೇಲೆ ಬೇಕಾದರೆ ಗುಜರಿಗೆ ಹಾಕು" ಎಂದಿತು ಪ್ರಿಂಟರು.

ಶಾಂತವ್ವ ಹಾಗೆಯೇ ಮಾಡಿದಳು. ಚೀಟಿಗಳು ಒಂದರ ಹಿಂದೊಂದು ಅಚ್ಚುಕಟ್ಟಾಗಿ ಇಳಿದವು. ಹೊಳೆಯುವ ಟ್ಯಾಂಕು ಬಚ್ಚಲಲ್ಲಿ ತಲೆಕೆಳಗಾಗಿ ತೊಳೆಸಿಕೊಳ್ಳುತ್ತಾ ಗೊಣಗಿತು: "ಧಾರಾಳಿಗಳಿಗೆ ಈ ಮನೆಯಲ್ಲಿ ಮರ್ಯಾದೆಯೇ ಇಲ್ಲ."