ಲಂಗರಿನ ಹಗ್ಗ ಹಿಡಿದ ಅಜ್ಜಯ್ಯ

ಅವಧೂತ ಶ್ರೀ ದಾಮೋದರಪ್ಪಯ್ಯನವರಿಗೆ ಮಠವೂ ಇರಲಿಲ್ಲ, ಪಲ್ಲಕ್ಕಿಯೂ ಇರಲಿಲ್ಲ. ಹೊನ್ನಾವರದ ಕಡೆಯಿಂದ ಗೋಕರ್ಣಕ್ಕೆ ಹೊರಟಾಗಲೂ ಅಷ್ಟೇ. ಹಂಚು ಹೇರಿದ ಒಂದು ಹಾಯಿದೋಣಿಯಲ್ಲಿ, ಹಂಚಿನ ರಾಶಿಗೇ ಒರಗಿ, ಕಂಬಳಿ ಹೊದ್ದು ಕುಳಿತುಬಿಟ್ಟಿದ್ದರು. ಮಳೆಗಾಲ ಹತ್ತಿರವಾಗಿತ್ತು. ನಡುದಾರಿಯಲ್ಲಿ ಗಾಳಿ ಎದ್ದಿತು ನೋಡಿ, ಅಬ್ಬಬ್ಬಾ! ದೋಣಿ ನಡೆಸುವ ತಾಂಡೇಲ ಜಟ್ಟಪ್ಪ ಹಾಯಿ ಇಳಿಸಿ, ಒಂದು ನಡುಗಡ್ಡೆಯ ಮರೆಗೆ ದೋಣಿ ತಂದು ಲಂಗರು ಬಿಟ್ಟ. ಗಾಳಿ ನಿಲ್ಲುವವರೆಗೆ ಕಾಯುವುದೊಂದೇ ಉಳಿದದ್ದು.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಒಬ್ಬರು ಲಂಗರಿನ ಹಗ್ಗದ ಮೇಲೆ ಕೈಯಿಟ್ಟೇ ಇರಬೇಕು. ಲಂಗರು ಜಾರಿದರೆ ಮೊದಲು ತಿಳಿಯುವುದು ಆ ಕೈಗೆ. ಹಿಂದೆಯೇ ಬಂಡೆಗಳು, ತಿಳಿಯದೆ ಹೋದರೆ ದೋಣಿಯೂ ಇಲ್ಲ, ಜನವೂ ಇಲ್ಲ. ಜಟ್ಟಪ್ಪ ಆ ಹಗ್ಗವನ್ನು ಆಳುಗಳ ಕೈಗೆ ಕೊಡುತ್ತಲೇ ಇರಲಿಲ್ಲ. ಹಿಂದಿನ ದಿನದಿಂದ ಒಬ್ಬನೇ ಹಿಡಿದು ಕೂತಿದ್ದ. ಯಾರಾದರೂ ಹತ್ತಿರ ಬಂದರೆ ಸಿಡಿಮಿಡಿ.

ಮಧ್ಯಾಹ್ನವೋ ಸಂಜೆಯೋ ತಿಳಿಯದ ಬೂದು ಬೆಳಕು. ಮಳೆ ಯಾವುದು, ಕಡಲು ಯಾವುದು ಎಂದು ಹೇಳುವಂತಿರಲಿಲ್ಲ. ಜಟ್ಟಪ್ಪನ ತಲೆ ಎದೆಗೆ ಬಾಗಿತು. ಬೆಚ್ಚಿ ಕಣ್ಣು ಬಿಟ್ಟರೆ ಪೂಜ್ಯರು ಪಕ್ಕದಲ್ಲಿ ಬಂದು ಕೂತಿದ್ದಾರೆ.

"ಇತ್ತ ಕೊಡು," ಎಂದು ಕೈ ಚಾಚಿದರು.

"ಇದು ಜಪಮಾಲೆ ಅಲ್ಲ ಅಜ್ಜಯ್ಯ. ನಿಮ್ಮ ಜಾಗದಲ್ಲಿ ನೀವು ಕೂತ್ಕಳಿ."

ಎಂಥ ಮಹಾತ್ಮರಿಗೆ ಎಂಥ ಮಾತು! ಅಷ್ಟಕ್ಕೇ ನಿಲ್ಲಲಿಲ್ಲ ಅವನು. "ಮತ್ತೊಬ್ಬರನ್ನ ನಂಬಿ ಕೆಟ್ಟಿದ್ದು ಸಾಕು. ನನ್ನ ತಮ್ಮ ಶಣಿಯಾರ ಹೀಗೇ ಹಗ್ಗ ಹಿಡಿದವ ನಿದ್ದೆ ಹೊಡೆದ. ದೋಣಿ ಬಂಡೆಗೆ ಬಡಿದು ಒಡೀತು. ನಾವೆಲ್ಲ ಈಜಿ ದಡ ಸೇರಿದ್ವು, ಅವ ಸೇರ್ಲಿಲ್ಲ. ಇವತ್ತಿಗೂ ಅವನ ಹೆಸರಲ್ಲಿ ಒಂದು ಎಡೆ ಇಟ್ಟವನಲ್ಲ ನಾನು. ಇಡೂದೂ ಇಲ್ಲ."

ಪೂಜ್ಯರು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹಿಡಿಯೋದು ಹೇಗೆ, ಕಲಿಸು," ಎಂದರು.

ಜಟ್ಟಪ್ಪ ಗೊಣಗುತ್ತಲೇ ಅವರ ಕೈಯನ್ನು ಹಗ್ಗದ ಮೇಲಿರಿಸಿದ. ಒಂದೇ ಸಮನೆ ಎಳೆಯುತ್ತಿದ್ದರೆ ಭಯವಿಲ್ಲ, ಗಡಗಡ ನಡುಗಿದರೆ ಕೂಗಬೇಕು ಎಂದು ಹೇಳುತ್ತ ಹೇಳುತ್ತಲೇ ಅವನ ಕಣ್ಣು ಮುಚ್ಚಿಹೋಯಿತು.

ಕನಸಿನಲ್ಲಿ ಗಾಳಿಯೇ ಇರಲಿಲ್ಲ. ದೋಣಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಮಡಿಸಿದ ಹಾಯಿಯ ಮೇಲೆ ಶಣಿಯಾರ ಮಲಗಿದ್ದ, ಚಿಕ್ಕಂದಿನಲ್ಲಿ ಮಲಗುತ್ತಿದ್ದಂತೆಯೇ ಬಾಯಿ ತೆರೆದುಕೊಂಡು. ಅವನ ಅಂಗೈಯಲ್ಲಿ ಹಗ್ಗದ ಬರೆ ಕೆಂಪಗೆ ಎದ್ದಿತ್ತು. ಬೈಯಬೇಕೆಂದರೆ ಜಟ್ಟಪ್ಪನಿಗೆ ದನಿ ಬರಲಿಲ್ಲ. ಎಲ್ಲಿಯೋ ಯಾರೋ ಮೆಲ್ಲಗೆ ನಾಮ ಹೇಳುತ್ತಿದ್ದರು. ಅದು ಮಳೆಯ ಸದ್ದೋ ಅಜ್ಜಯ್ಯನ ದನಿಯೋ ತಿಳಿಯಲಿಲ್ಲ.

ಎಚ್ಚರವಾದಾಗ ಗಾಳಿ ಇಳಿದಿತ್ತು. ಅವನ ಮೈಮೇಲೆ ಪೂಜ್ಯರ ಕಂಬಳಿ. ಪೂಜ್ಯರು ಒದ್ದೆಬಟ್ಟೆಯಲ್ಲೇ ಹಗ್ಗ ಹಿಡಿದು ಕೂತಿದ್ದರು, ಅಂಗೈ ಸುಲಿದುಹೋಗಿತ್ತು. ಹಗ್ಗ ಮೊದಲಿಗಿಂತ ಉದ್ದಕ್ಕೆ ಬಿಟ್ಟಿರುವುದನ್ನು ಕಂಡು ಜಟ್ಟಪ್ಪ ದಡಬಡಿಸಿ ಎದ್ದು ಕೂತ.

"ಲಂಗರು ಜಾರಿತ್ತಾ?"

"ಜಾರಿತ್ತು. ಕೂಗಿದೆ. ನಿನ್ನವರು ಓಡಿ ಬಂದು ಇನ್ನಷ್ಟು ಹಗ್ಗ ಬಿಟ್ಟರು. ಲಂಗರು ಮತ್ತೆ ನೆಲ ಕಚ್ಚಿಕೊಂಡಿತು."

"ನನ್ನ ಎಬ್ಬಿಸೂದಲ್ಲವಾ ಅಜ್ಜಯ್ಯ! ನಾ ಹೆಣದ ಹಾಗೆ ಮಲಗಿದ್ದೆನಲ್ಲ!"

"ನಾವೆಲ್ಲ ಎಚ್ಚರ ಇದ್ದೆವಲ್ಲಪ್ಪ." ಪೂಜ್ಯರು ಕಡಲಿನತ್ತ ನೋಡಿ ಮೆಲ್ಲಗೆ ಕೇಳಿದರು: "ಅವತ್ತು ಶಣಿಯಾರನ ಕೈಯಿಂದ ಹಗ್ಗ ಇಸಕೊಳ್ಳೋದಕ್ಕೆ ಯಾರಿದ್ದರು?"

ಯಾರೂ ಇರಲಿಲ್ಲ. ಅವತ್ತೂ ಶಣಿಯಾರ ಒಂದು ಹಗಲು, ಒಂದು ರಾತ್ರಿ ಒಬ್ಬನೇ ಕೂತಿದ್ದ. "ಅಣ್ಣಾ, ಸ್ವಲ್ಪ ಹಿಡೀತಿಯಾ?" ಎಂದು ಕೇಳಿಯೂ ಇದ್ದ. "ಬಂದೆ" ಎಂದು ಹೇಳಿ, ಬೆಚ್ಚಗೆ ಮಗ್ಗುಲು ಬದಲಿಸಿದವನು ಜಟ್ಟಪ್ಪನೇ. ಇಷ್ಟು ವರ್ಷ ಸಿಟ್ಟಿನ ಅಡಿಯಲ್ಲಿ ಹುಗಿದಿಟ್ಟದ್ದು ಒಮ್ಮೆಗೇ ಮೇಲೆದ್ದು ಬಂತು. ಅವನು ಆ ಹಗ್ಗದ ಮೇಲೇ ಬಿದ್ದು ಗೊಳೋ ಎಂದು ಅತ್ತ. ಪೂಜ್ಯರು ತಡೆಯಲಿಲ್ಲ.

ಆಳು ಬಿಸಿಗಂಜಿ ತಂದಿಟ್ಟ. ಜಟ್ಟಪ್ಪ ಮೊದಲ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ದೋಣಿಯಂಚಿಗೆ ಬಗ್ಗಿ, ಕಡಲಿಗೆ ಎರೆದ.

"ಉಣ್ಣೋ ಶಣಿಯಾರಾ," ಎಂದ. "ಉಂಡು ಮಲಗು. ಹಗ್ಗ ನಾ ಹಿಡ್ಕಂತೆ."