ಸಭೆಗೆ ಹೋದ ಸೂಲಗಿತ್ತಿ

‘ಗುರುಗಳೇ, ಕಡಲಾಚೆಯ ಧನಿಕರು ಒಂದಾಗಿ, ನಮ್ಮ ಮಠದ ಔಷಧಶಾಲೆಯನ್ನು ನೂರು ಊರಿಗೆ ಹಬ್ಬಿಸುತ್ತೇವೆ ಎನ್ನುತ್ತಿದ್ದಾರೆ. ತಾವು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಒಳ್ಳೆಯ ಕೆಲಸ ದೊಡ್ಡದಾದರೆ ಕೆಡುಕೇನು?’ ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಮಗು ಅಡ್ಡವಾಗಿದ್ದರೂ ಹೊಟ್ಟೆಯ ಮೇಲೆ ಕೈಯಾಡಿಸಿಯೇ ಅದನ್ನು ತಿರುಗಿಸುತ್ತಿದ್ದಳು. ಮೂವತ್ತು ವರ್ಷಗಳಲ್ಲಿ ಅವಳ ಕೈಯಲ್ಲಿ ಒಬ್ಬ ತಾಯಿಯೂ ಸತ್ತಿರಲಿಲ್ಲ.

ಆ ಕಾಲಕ್ಕೆ ಹಲವು ದೇಶಗಳ ವರ್ತಕರು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ಲೋಕಕ್ಕೆ ಒಳಿತಾಗುವ ಕಡೆಗೇ ಬಂಡವಾಳ ಹೂಡಬೇಕೆಂಬುದು ಅವರ ನೇಮ. ಅವರಲ್ಲೊಬ್ಬ ಬೆಟ್ಟ ಹತ್ತಿ ಬಂದ. ‘ತಾಯಿ, ನಿನ್ನ ವಿದ್ಯೆ ಒಂದೇ ಊರಲ್ಲಿ ಉಳಿಯಬಾರದು. ನೂರು ಊರಿನ ಹೆಂಗಸರಿಗೆ ಕಲಿಸು. ಖರ್ಚು ನಮ್ಮದು’ ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅವಳು ಒಪ್ಪಿದಳು.

ಮೊದಲ ವರ್ಷ ಕಲಿಸಿದಳು. ಎರಡನೆಯ ವರ್ಷದಿಂದ ಕೂಟದವರು ಅವಳನ್ನು ತಮ್ಮ ಸಭೆಗಳಿಗೆ ಕರೆಸಿಕೊಳ್ಳತೊಡಗಿದರು. ಹೆರಿಗೆಗಳ ಕತೆಯನ್ನು ಅವಳ ಬಾಯಿಂದಲೇ ಕೇಳಿದರೆ ಹೊಸ ವರ್ತಕರ ಮನಸ್ಸು ಕರಗಿ ಹಣ ಬರುತ್ತಿತ್ತು. ಬಂದರಿನಿಂದ ಬಂದರಿಗೆ ಅವಳು ತಿರುಗಿದಳು. ನೂರು ಊರುಗಳಲ್ಲಿ ಎಷ್ಟೋ ತಾಯಂದಿರು ಬದುಕಿಕೊಂಡರು. ಅದು ಸುಳ್ಳಲ್ಲ. ಅವಳ ಊರಿಗೆ ಮಾತ್ರ ಕೂಟದವರು ಯಾರನ್ನೂ ನೇಮಿಸಲಿಲ್ಲ. ಅಲ್ಲಿ ಅವಳೇ ಇದ್ದಾಳಲ್ಲ ಎಂದುಕೊಂಡರು.

ಮೂರನೆಯ ವರ್ಷ ಅವಳು ಊರಿಗೆ ಬಂದಾಗ ನೆರೆಮನೆಯಲ್ಲಿ ಸೂತಕವಿತ್ತು. ಆ ಮನೆಯ ಮಗಳು ಸೂಲಗಿತ್ತಿಯೇ ಭೂಮಿಗೆ ತಂದ ಕೂಸು. ತವರಿಗೆ ಚೊಚ್ಚಲ ಹೆರಿಗೆಗೆಂದು ಬಂದವಳು ಎರಡು ದಿನ ನರಳಿ ಸತ್ತಿದ್ದಳು. ಮಗು ಅಡ್ಡವಾಗಿತ್ತು.

ಹುಡುಗಿಯ ತಾಯಿ ಹೊರಗೆ ಬಂದಳು. ಬೈಯಲಿಲ್ಲ. ‘ಎರಡು ದಿನವೂ ನಿನ್ನನ್ನೇ ಕೇಳುತ್ತಿದ್ದಳು ಅಕ್ಕಾ. ಬರ್ತಾಳೆ, ಇನ್ನೇನು ಬಂದೇಬಿಡ್ತಾಳೆ ಅಂತ ನಾನು ಸುಳ್ಳು ಹೇಳ್ತಾ ಕೂತಿದ್ದೆ’ ಎಂದಳು.

ಸೂಲಗಿತ್ತಿ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಳು. ಅಳು ಬರಲಿಲ್ಲ. ಆಮೇಲೆ ಅನ್ನ ಸೇರಲಿಲ್ಲ. ಬೀದಿಯಲ್ಲಿ ಹೆಂಗಸರು ಅವಳನ್ನು ಕಂಡರೆ ತಲೆಬಾಗಿ ದಾರಿ ಬಿಡುತ್ತಿದ್ದರು, ಮಾತನಾಡಿಸುತ್ತಿರಲಿಲ್ಲ.

ತಿಂಗಳು ಕಳೆದು ಆ ವರ್ತಕ ಬಂದಾಗ ನಡೆದುದನ್ನೆಲ್ಲ ಹೇಳಿದಳು. ಅವನು ನಿಜವಾಗಿಯೇ ಅತ್ತ. ಕಣ್ಣೊರೆಸಿಕೊಂಡು, ‘ತಾಯಿ, ಇದನ್ನೇ ಮುಂದಿನ ಸಭೆಯಲ್ಲಿ ಹೇಳಬೇಕು. ಕೇಳಿದವರು ಇನ್ನೂ ನೂರು ಊರಿಗೆ ಕೊಡುತ್ತಾರೆ’ ಎಂದ.

ಅವಳು ಎದ್ದು ಅವನ ಜೊತೆ ಹೊರಟಳು.

ಶಿಷ್ಯನಿಗೆ ತಡೆಯಲಾಗಲಿಲ್ಲ. ‘ಅಷ್ಟಾದ ಮೇಲೂ ಅವಳು ಊರಲ್ಲಿ ಉಳಿಯಲಿಲ್ಲವೇಕೆ, ಗುರುಗಳೇ?’

ಗುರುಗಳು ಹೇಳಿದರು: ‘ಊರಿನ ಬಸುರಿಯರು ಅವಳ ದಾರಿ ಕಾಯುವುದನ್ನು ಬಿಟ್ಟಿದ್ದರು.’